ಗೋಪುರ ಬೇಡ, ಕೂರಲು ಜಗಲಿ ಕೊಡಿ

ಪುಸ್ತಕ ಬಂದರೆ ಅದಕ್ಕೊಂದು ವಿಮರ್ಶೆ ಬರುತ್ತದೆ. ನಾಟಕಕ್ಕೆ, ಸಿನಿಮಾಕ್ಕೆ, ಸಂಗೀತ ಕಛೇರಿಗೆ, ಎಲ್ಲಕ್ಕೂ ವಿಮರ್ಶಕರಿದ್ದಾರೆ. ಅಂಗಡಿಯವನು ಒಂದು ಸೀರೆ ಬಿಚ್ಚಿ ಹರವಿದರೆ ಸಾಕು, ನಾವು ನಾಲ್ಕು ಜನ ಹೆಂಗಸರು ಸೇರಿ ಅದರ ಅಂಚು, ಸೆರಗು, ಬಣ್ಣ ಬಿಡುತ್ತದೋ ಇಲ್ಲವೋ ಎಂಬುದನ್ನೆಲ್ಲ ಅರ್ಧ ಗಂಟೆ ಚರ್ಚೆ ಮಾಡುತ್ತೇವೆ. ಆದರೆ ರೈಲು ನಿಲ್ದಾಣವನ್ನು ಹಾಗೆ ಬಿಚ್ಚಿ ನೋಡಿದವರು ಕಡಿಮೆ. ಬಂದೆವು, ಹತ್ತಿದೆವು, ಹೋದೆವು. ಕಟ್ಟುವವರು ಕಟ್ಟುತ್ತಾರೆ, ಮಂತ್ರಿಗಳು ಉದ್ಘಾಟಿಸುತ್ತಾರೆ, ನಾವು ಟಿಕೆಟ್ಟು ಕೊಳ್ಳುತ್ತೇವೆ. ಅದು ಒಳ್ಳೆಯ ನಿಲ್ದಾಣವೋ ಅಲ್ಲವೋ ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುವುದು ನಮಗೆ ಮೊದಲಿನಿಂದ ಬಂದ ವಿದ್ಯೆ. ಆದ್ದರಿಂದ ಇಲ್ಲಿ ಹರಿಹರದ ರೈಲು ನಿಲ್ದಾಣದ ವಿಷಯ ಎತ್ತಿಕೊಂಡಿದ್ದೇನೆ.

ನಾನು ದಾವಣಗೆರೆಯವಳು. ನಮ್ಮೂರಿಗೆ ಹತ್ತಿ ಗಿರಣಿಗಳ ಹಳೆಯ ಹೆಸರಿದೆ, ಬೆಣ್ಣೆ ದೋಸೆಯ ಈಗಿನ ಹೆಸರಿದೆ. ನದಿ ಮಾತ್ರ ಇಲ್ಲ. ನದಿ ಬೇಕೆಂದರೆ ಸುಮಾರು 14 ಕಿಲೋಮೀಟರು ದೂರದ ಹರಿಹರಕ್ಕೇ ಹೋಗಬೇಕು. ಅಲ್ಲಿ ತುಂಗಭದ್ರೆ ಇದ್ದಾಳೆ. ಸೂಳೆಕೆರೆಯ ಕಡೆಯಿಂದ ಬರುವ ಹರಿದ್ರಾ ಅವಳನ್ನು ಕೂಡುವುದೂ ಅಲ್ಲಿಯೇ; ಅದಕ್ಕೇ ಆ ಊರಿಗೆ ಕೂಡಲೂರು ಎಂಬ ಹಳೆಯ ಹೆಸರು. ಹೊಳೆಯ ಹತ್ತಿರ ಹರಿಹರೇಶ್ವರನ ಗುಡಿ. ಊರಲ್ಲೇ ಆರೋಗ್ಯ ಮಾತೆಯ ಚರ್ಚು. ಸೆಪ್ಟೆಂಬರಿನ ಹಬ್ಬಕ್ಕೆ ಎಲ್ಲ ಮತದ ತಾಯಂದಿರೂ ಕೂಸುಗಳನ್ನು ಎತ್ತಿಕೊಂಡು ಅಲ್ಲಿಗೆ ಬರುತ್ತಾರೆ. ಸರಕಾರದ ಕಾಗದದಲ್ಲಿ ನಮ್ಮ ಎರಡೂ ಊರಿಗೆ ಒಂದೇ ನಗರಾಭಿವೃದ್ಧಿ ಪ್ರಾಧಿಕಾರ. ನಡುವೆ ಒಂದು ಸಣ್ಣ ಗೆರೆ ಎಳೆದು ದಾವಣಗೆರೆ-ಹರಿಹರ ಎಂದು ಬರೆಯುತ್ತಾರೆ. ಆ ಗೆರೆ ನೆಲದ ಮೇಲೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ರೈಲು ಹಳಿಯನ್ನು ತೋರಿಸುತ್ತೇನೆ.

ಈ ಹಳಿ ಇಂದಿನದಲ್ಲ. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಬಂತು. 1889ರ ಹೊತ್ತಿಗೆ ಅದೇ ದಾರಿ ಬೆಳೆದು ಹರಿಹರ ಮುಟ್ಟಿತು. ಆಗ ಹೊಳೆಯ ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬಯಿ ಪ್ರಾಂತ. ಹರಿಹರ ಗಡಿಯ ನಿಲ್ದಾಣವಾಗಿತ್ತು. 1956ರಲ್ಲಿ ಎರಡೂ ದಡ ಒಂದೇ ರಾಜ್ಯಕ್ಕೆ ಸೇರಿದವು, 1990ರ ದಶಕದಲ್ಲಿ ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಬಂತು, 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯೂ ಆಯಿತು. ಈಗ ನಮ್ಮೂರಲ್ಲಿ ರೈಲು ಹತ್ತಿ ಕೂತು, ಚೀಲ ಕಾಲ ಕೆಳಗೆ ಸರಿಸಿ, ಎದುರಿನ ಹೆಂಗಸಿನ ಊರು ಕೇಳುವಷ್ಟರಲ್ಲಿ ಹರಿಹರ ಬಂದುಬಿಡುತ್ತದೆ. ಬೆಂಗಳೂರಿನ ಮೆಟ್ರೊ ನೋಡಿ ಬಂದವರು ನಮಗೂ ಅಂಥದ್ದೊಂದು ಇದ್ದಿದ್ದರೆ ಎನ್ನುತ್ತಾರೆ. ನೋಡಿ, ಹಳಿ ಇದೆ, ಎರಡು ತುದಿಗೆ ಎರಡು ಊರಿದೆ, ಒಂದು ತುದಿಯಲ್ಲಿ ಹೊಳೆ ಮತ್ತು ಗುಡಿ ಇವೆ. ಇನ್ನೇನು ಬೇಕು ಎಂಬುದೇ ಪ್ರಶ್ನೆ.

ದೇಶದ 508 ನಿಲ್ದಾಣಗಳನ್ನು ಹೊಸದು ಮಾಡುವ ಅಮೃತ ಭಾರತ ಯೋಜನೆಯ ಕೆಲಸಕ್ಕೆ 2023ರ ಆಗಸ್ಟ್ 6ರಂದು ಶಂಕುಸ್ಥಾಪನೆ ಆಯಿತು. ಆ ಪಟ್ಟಿಯಲ್ಲಿ ಕರ್ನಾಟಕದ ಹದಿಮೂರು ನಿಲ್ದಾಣಗಳಿದ್ದವು, ಹರಿಹರವೂ ಅದರಲ್ಲಿ ಒಂದು. ನಿರೀಕ್ಷಣಾ ಕೊಠಡಿ, ಶೌಚಾಲಯ, ಲಿಫ್ಟು, ವಾಹನ ನಿಲ್ಲಲು ಅಂಗಳ, ಊರಿನ ಎರಡೂ ಬದಿಗೆ ಸಂಪರ್ಕ, ಊರಿನ ಸಂಸ್ಕೃತಿಗೆ ಒಪ್ಪುವ ಕಟ್ಟಡ, ಹೀಗೆ ಯೋಜನೆಯ ಮಾತುಗಳು ಚೆನ್ನಾಗಿವೆ. ನನಗೆ ಅಳುಕು ಹುಟ್ಟಿಸುವುದು ಆ ಕೊನೆಯ ಮಾತು. ಊರಿನ ಸಂಸ್ಕೃತಿ ಎಂದ ಕೂಡಲೇ ನಮ್ಮ ನಕ್ಷೆ ಬರೆಯುವವರ ಕೈ ಗೋಪುರದ ಕಡೆಗೇ ಹೋಗುತ್ತದೆ. ಅಯೋಧ್ಯೆಯಲ್ಲಿ 2023ರ ಡಿಸೆಂಬರಿನಲ್ಲಿ ತೆರೆದ ನಿಲ್ದಾಣದ ಮುಖವೇ ಗುಡಿಯ ಹಾಗಿದೆ. ಬೇರೆ ಊರುಗಳ ನಕ್ಷೆಗಳಲ್ಲೂ ಶಿಖರ, ಕಮಾನು, ಕಳಸಗಳನ್ನು ಮುಂಭಾಗಕ್ಕೆ ಕೂರಿಸುವುದು ಈಗಿನ ರೂಢಿ. ಫೋಟೋಕ್ಕೆ ಚೆಂದ, ಇಲ್ಲವೆನ್ನುವುದಿಲ್ಲ. ಆದರೆ ಗುಡಿಯಿಂದ ನಿಲ್ದಾಣ ಕಲಿಯಬೇಕಾದ ಪಾಠ ಶಿಖರದಲ್ಲಿದೆಯೇ?

ಹರಿಹರೇಶ್ವರನ ಗುಡಿಗೇ ಹೋಗಿ ನೋಡೋಣ ಬನ್ನಿ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನೂ ಮಂತ್ರಿಯೂ ಆಗಿದ್ದ ಪೋಲಾಳ್ವ ಇದನ್ನು 1224ರ ಸುಮಾರಿಗೆ ಕಟ್ಟಿಸಿದ. 1268ರಲ್ಲಿ ಮೂರನೆಯ ನರಸಿಂಹನ ದಂಡನಾಯಕ ಸೋಮ ಇನ್ನಷ್ಟು ಸೇರಿಸಿದ. ಸೋಮನಾಥಪುರ ಕಟ್ಟಿಸಿದ ಸೋಮ ಇವನೇ. ಒಳಗಿನ ಮೂರ್ತಿಯಲ್ಲಿ ಬಲಗಡೆ ಹರ, ಎಡಗಡೆ ಹರಿ, ದೇಹ ಒಂದೇ. ಈ ಗುಡಿಯ ಮೂಲ ಶಿಖರ ಎಂದೋ ಹೋಯಿತು. ಈಗ ಕಾಣುವುದು ಆಮೇಲಿನ ಕಾಲದ್ದು. ಆದರೂ ಗುಡಿಯ ಘನತೆ ಒಂದಿಷ್ಟೂ ಕಡಿಮೆಯಾಗಿಲ್ಲ. ಯಾಕೆಂದರೆ ಅದು ಇರುವುದು ಮುಂದಿನ ಮಂಟಪದಲ್ಲಿ.

ಆ ಮಂಟಪದ ಹೊರಗೋಡೆ ಸೂರಿನವರೆಗೆ ಏಳುವುದಿಲ್ಲ, ಅರ್ಧಕ್ಕೇ ನಿಲ್ಲುತ್ತದೆ. ಅದರ ಮೇಲಿನಿಂದ ಗಿಡ್ಡ ಕಂಬಗಳು ಎದ್ದು ಸೂರನ್ನು ಹೊರುತ್ತವೆ. ಗಾಳಿ ಬೆಳಕಿಗೆ ಅಡ್ಡಿಯಿಲ್ಲ. ಗೋಡೆಯ ಒಳಬದಿಗೆ ಉದ್ದಕ್ಕೂ ಕಲ್ಲಿನ ಆಸನ, ಬೆನ್ನು ಒರಗಲು ತುಸು ಓರೆ. ಶಿಲ್ಪದವರು ಇದನ್ನು ಕಕ್ಷಾಸನ ಎನ್ನುತ್ತಾರೆ, ನಾವು ಜಗಲಿ ಎನ್ನೋಣ. ಗೋಡೆ ನೇರವಾಗಿರದೆ ಮೂಲೆ ಮೂಲೆಯಾಗಿ ಮುರಿದು ತಿರುಗುವುದರಿಂದ ಆಸನವೂ ಹಾಗೇ ತಿರುಗುತ್ತದೆ. ನಾಲ್ಕು ಜನ ಮುಖಾಮುಖಿ ಕೂತು ಮಾತಾಡಬಹುದು. ಒಬ್ಬಳೇ ಬಂದವಳು ಒಂದು ಮೂಲೆ ಹಿಡಿದು, ಎಲ್ಲರ ಕಣ್ಣಿಗೆ ಬೀಳದೆ, ಎಲ್ಲರನ್ನೂ ನೋಡುತ್ತ ಕೂರಬಹುದು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಕಾಲು ಚಾಚಿ ಕೂತವರಿಗೆ ಅದರ ಸುಖ ಗೊತ್ತು. ಸುಮಾರು ಎಂಟುನೂರು ವರ್ಷದ ಹಿಂದೆ ಈ ಮಂಟಪ ಕಟ್ಟಿದವರಿಗೆ, ದೂರದಿಂದ ನಡೆದು ಬಂದ ಜೀವಕ್ಕೆ ಮೊದಲು ಬೇಕಾದದ್ದು ಕೂರಲು ಜಾಗ ಎಂಬುದು ಗೊತ್ತಿತ್ತು.

ಒಳಗಿನ ಕಂಬಗಳನ್ನೂ ನೋಡಿ. ಚಕ್ರಕ್ಕೆ ಹಾಕಿ ಕಡೆದ ನುಣ್ಣನೆಯ ಕಂಬಗಳು. ಇದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿ, ಲೋಹ ಕಡೆಯುವ ಲೇಥ್ ಯಂತ್ರಗಳನ್ನು ಮಾಡಿ ದೇಶಕ್ಕೆಲ್ಲ ಕಳಿಸಿತು. ಕಡೆಯುವ ವಿದ್ಯೆ ಕಲ್ಲಿನಿಂದ ಕಬ್ಬಿಣಕ್ಕೆ ಬಂದ ಊರು ಇದು. ಆ ಕಾರ್ಖಾನೆ ಈಗಿಲ್ಲ. ಅದರ ಸಂಬಳದಲ್ಲಿ ಮಕ್ಕಳನ್ನು ಓದಿಸಿದ ಮನೆಗಳು ಎರಡೂ ಊರಲ್ಲಿವೆ. ನಿಲ್ದಾಣದ ಗೋಡೆಯ ಮೇಲೆ ಚಿತ್ರ ಬರೆಯಿಸುವುದಾದರೆ ಕಡೆದ ಕಂಬದ ಪಕ್ಕದಲ್ಲಿ ಒಂದು ಲೇಥ್ ಯಂತ್ರವನ್ನೂ ಬರೆಯಿಸಲಿ. ಗುಡಿ ಮಾತ್ರ ಸಂಸ್ಕೃತಿ, ದುಡಿಮೆ ಸಂಸ್ಕೃತಿಯಲ್ಲ ಎಂದು ಯಾರು ಹೇಳಿದರು?

ಇನ್ನು ನಿಲ್ದಾಣದ ವಿಮರ್ಶೆಗೆ ನಾವು ಹೆಂಗಸರು ಬಳಸಬೇಕಾದ ಅಳತೆಗೋಲು ಯಾವುದು? ನನ್ನ ಲೆಕ್ಕದಲ್ಲಿ ನಾಲ್ಕೇ ಪ್ರಶ್ನೆ. ಇಳಿದವಳಿಗೆ ಹೊಳೆಯ ದಾರಿ ಯಾರನ್ನೂ ಕೇಳದೆ ತಿಳಿಯುತ್ತದೆಯೇ? ಮಂಡಿ ನೋವಿನ ಅತ್ತೆಯನ್ನು ಕರೆತಂದರೆ ಹತ್ತಿ ಇಳಿಯುವುದು ಸಾಧ್ಯವೇ, ಕೂರಲು ನೆರಳಿದೆಯೇ? ಬಾಗಿಲು ಹಾಕಿಕೊಳ್ಳುವಂಥ, ನೀರಿರುವ ಶೌಚಾಲಯ ಯಾವ ಹೊತ್ತಿಗೂ ತೆರೆದಿರುತ್ತದೆಯೇ? ಕತ್ತಲಾದ ಮೇಲೆ ಒಬ್ಬಳೇ ಹಿಂದಿರುಗಬಹುದೇ? ಗೋಡೆಯ ಬಣ್ಣ, ಗಾಜಿನ ಹೊಳಪು ಎಲ್ಲ ಇವಕ್ಕೆ ಉತ್ತರ ಸಿಕ್ಕ ಮೇಲಿನ ಮಾತು. ಒಂದು ಊರಿನ ನಿಲ್ದಾಣದಲ್ಲಿ, ಹೆಸರು ಬೇಡ, ಮಹಿಳೆಯರ ಕೊಠಡಿಗೆ ಹಾಕಿದ ಬೀಗವನ್ನು ನೋಡುತ್ತ ಎರಡು ಗಂಟೆ ಕಳೆದಿದ್ದೇನೆ. ಬೀಗದ ಕೈ ಯಾರ ಹತ್ತಿರ ಇದೆಯೆಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೊಠಡಿಯ ಬಾಗಿಲಿಗೆ ಮಾತ್ರ ಅಂದವಾಗಿ ಬಣ್ಣ ಹಚ್ಚಿದ್ದರು.

ಹೊಳೆ ಮತ್ತು ರೈಲು ಒಟ್ಟಿಗೆ ಬಾಳಿದ ಊರುಗಳು ಬೇರೆ ಇವೆ. ಕೋಲ್ಕತ್ತದಲ್ಲಿ 1984ರಲ್ಲಿ ಚಕ್ರ ರೈಲು ಎಂಬುದು ಶುರುವಾಯಿತು. ಅದು ಹೂಗ್ಲಿ ನದಿಯ ದಂಡೆಗುಂಟ ಓಡುತ್ತದೆ. ಅಲ್ಲಿ ಒಂದು ನಿಲ್ದಾಣದ ಹೆಸರೇ ಪ್ರಿನ್ಸೆಪ್ ಘಾಟ್. ಇಳಿದರೆ ಹಳೆಯ ಬಿಳಿ ಕಂಬಗಳ ಮಂಟಪ, ಅದರಾಚೆ ನದಿ. ದಾರಿ ತೋರಿಸುವ ಕೆಲಸವನ್ನು ಹೆಸರೇ ಮಾಡಿಬಿಡುತ್ತದೆ. ಸ್ಪೇನ್ ದೇಶದ ಬಿಲ್ಬಾವೊ ಎಂಬ ಊರು ನಮ್ಮ ಹರಿಹರದಂತೆ ನದಿಯ ದಡದ ಕಾರ್ಖಾನೆಗಳ ಊರು. ಕಾರ್ಖಾನೆಗಳು ಮುಚ್ಚಿದ ಮೇಲೆ ಅಲ್ಲಿ 1997ರಲ್ಲಿ ಗುಗೆನ್‌ಹೈಮ್ ಎಂಬ ದೊಡ್ಡ ಕಲಾಸಂಗ್ರಹಾಲಯ ತೆರೆಯಿತು. ಲೋಕವೆಲ್ಲ ಆ ಕಟ್ಟಡದ ಹೊಳಪನ್ನೇ ಹೊಗಳಿತು. ನನಗೆ ಮೆಚ್ಚುಗೆಯಾಗುವುದು ಆಮೇಲೆ ನಡೆದದ್ದು. 2002ರಲ್ಲಿ ಅವರು ನದಿಯ ಪಕ್ಕದಲ್ಲೇ ಹುಲ್ಲುಹಾಸಿನ ನಡುವೆ ಹಳಿ ಹಾಕಿ ಸಣ್ಣ ಟ್ರಾಮು ಓಡಿಸಿದರು. ಅದರ ನಿಲ್ದಾಣವೆಂದರೆ ಒಂದು ಸೂರು, ಒಂದು ಬೆಂಚು, ಒಂದು ಹೆಸರು. ನಿಂತ ನೆಲದಿಂದ ಹೆಚ್ಚು ಎತ್ತರ ಹತ್ತಬೇಕಾಗಿಲ್ಲ. ಆಡಂಬರವನ್ನೆಲ್ಲ ಸಂಗ್ರಹಾಲಯಕ್ಕೆ ಬಿಟ್ಟು, ನಿಲ್ದಾಣ ತನ್ನ ಕೆಲಸ ತಾನು ಮಾಡುತ್ತದೆ. ಅತಿಥಿಯನ್ನು ಬಾಗಿಲಿಗೆ ತಂದು ಬಿಟ್ಟು ಪಕ್ಕಕ್ಕೆ ಸರಿದು ನಿಲ್ಲುವ ಹುಡುಗಿಯ ಹಾಗೆ.

ಈ ಮಾತನ್ನು ಪಕ್ಕದ ಮನೆಯವರ ಹತ್ತಿರ ಹೇಳಿದಾಗ ಅವರು ನಕ್ಕರು. "ಏನ್ರೀ ಅಕ್ಕ, ಬಸ್ಸು ಪುಕ್ಕಟೆ ಇರೋವಾಗ ರೈಲಿನ ಉಸಾಬರಿ ಯಾಕ್ರೀ ನಿಮಗೆ?" ಎಂದರು. ಅದೂ ಸರಿಯೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಸಾಮಾನ್ಯ ಬಸ್ಸುಗಳು ನಮಗೆ ಉಚಿತವಾದವು. ಗಂಡನ ಹತ್ತಿರ ಹತ್ತು ರೂಪಾಯಿ ಕೇಳದೆ ಹೊಸಿಲು ದಾಟಿದ ಹೆಂಗಸರು ಎಷ್ಟೋ ಜನ. ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಜಾತ್ರೆಯ ದಿನ ಬಸ್ಸಿನ ಬಾಗಿಲಲ್ಲಿ ಜೋತಾಡಿದವರಿಗೆ, ಬಸುರಿಯರಿಗೆ, ಸಕ್ಕರೆ ಕಾಯಿಲೆಯಿಂದ ಮೇಲಿಂದ ಮೇಲೆ ಎದ್ದು ಹೋಗಬೇಕಾದವರಿಗೆ ರೈಲಿನ ಡಬ್ಬಿಯ ಬೆಲೆ ಗೊತ್ತು. ಬಸ್ಸು ನಮ್ಮನ್ನು ಹೊರಗೆ ಕರೆತಂದಿತು. ಹೊರಗೆ ಬಂದವರು ನೆಮ್ಮದಿಯಾಗಿ ಕೂತು ಬರುವುದನ್ನು ಕೇಳುವುದು ಅದರ ಮುಂದಿನ ಹೆಜ್ಜೆ. ವಂದೇ ಭಾರತ್ ರೈಲು 2023ರ ಜೂನ್‌ನಲ್ಲಿ ಶುರುವಾದಾಗ ದಾವಣಗೆರೆಗೆ ನಿಲುಗಡೆ ಸಿಕ್ಕಿತು, ಹರಿಹರಕ್ಕೆ ಸಿಗಲಿಲ್ಲ. ನಾನು ಅದಕ್ಕಾಗಿ ಅಳುವವಳಲ್ಲ. ನಮಗೆ ಬೇಕಾದದ್ದು ಓಡುವ ರೈಲಲ್ಲ, ನಿಲ್ಲುವ ರೈಲು.

ಅದರಲ್ಲೂ ಸಂಜೆ ನಿಲ್ಲುವ ರೈಲು. ಹರಿಹರದ ಹೊಳೆದಂಡೆಯಲ್ಲಿ ತುಂಗಭದ್ರಾ ಆರತಿಗಾಗಿ ಮಂಟಪಗಳನ್ನು ಕಟ್ಟಲು 2022ರಲ್ಲಿ ಶಂಕುಸ್ಥಾಪನೆ ಮಾಡಿದರು. ಆರತಿ ಎಂದರೆ ಮುಸ್ಸಂಜೆಯ ಕೆಲಸ. ನೀರಿನ ಮೇಲೆ ದೀಪ ಕಾಣಬೇಕಾದರೆ ಕತ್ತಲು ಬೇಕಲ್ಲ. ಕತ್ತಲಾಗುತ್ತಿದ್ದಂತೆ ಇಂಥ ಎಲ್ಲ ಕಡೆಯೂ ಮೊದಲು ಎದ್ದು ಹೋಗುವವರು ಯಾರು? ನಾವೇ. ನಾಟಕದ ಕೊನೆಯ ಅಂಕ, ಕಛೇರಿಯ ಮಂಗಳ, ಆರತಿಯ ಕೊನೆಯ ಸುತ್ತು ಎಷ್ಟೋ ಹೆಂಗಸರ ಪಾಲಿಗೆ ಬಂದೇ ಇಲ್ಲ. ದಾರಿಯ ದೀಪ, ಹಿಂದಿರುಗುವ ಗಾಡಿ, ಎರಡರ ಲೆಕ್ಕವನ್ನೂ ಮನಸ್ಸಿನಲ್ಲೇ ಹಾಕುತ್ತ ಅರ್ಧಕ್ಕೆ ಸೆರಗು ಸರಿಪಡಿಸಿಕೊಂಡು ಎದ್ದಿದ್ದೇವೆ. ಆರತಿಯ ಹೊತ್ತನ್ನೂ ರೈಲಿನ ವೇಳಾಪಟ್ಟಿಯನ್ನೂ ಒಂದೇ ಮೇಜಿನ ಮೇಲಿಟ್ಟು ಹೊಂದಿಸದಿದ್ದರೆ ಮಂಟಪ ಎಷ್ಟು ಕಟ್ಟಿದರೂ ನಮಗೆ ಸಿಗುವುದು ಅರ್ಧ ಆರತಿಯೇ. ಆರತಿ ಮುಗಿದ ಮೇಲೆ ನಮ್ಮೂರಿನ ಕಡೆಗೆ ಒಂದು ಸಣ್ಣ ರೈಲು, ಹೊಳೆಯಿಂದ ನಿಲ್ದಾಣದವರೆಗೆ ಸಾಲು ದೀಪ. ಕೇಳುವುದು ಇಷ್ಟೇ.

ಹೊಳೆಯ ಬಗ್ಗೆಯೂ ಒಂದು ಮಾತು ಹೇಳದೆ ಮುಗಿಸಲಾರೆ. 1980ರ ದಶಕದಲ್ಲಿ ಕಾರ್ಖಾನೆಯ ಕೊಳೆ ಸೇರಿ ಇದೇ ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದಾಗ ದಡದ ಹಳ್ಳಿಗಳ ಜನ ಎದ್ದು ಹೋರಾಡಿದರು. ನದಿದಂಡೆಯ ಸಂಸ್ಕೃತಿ ಎಂದು ಬರೆಯುವಾಗ ಆ ಹೋರಾಟವನ್ನೂ ಅದರಲ್ಲಿ ಸೇರಿಸಬೇಕು. ನೀರು ಕೆಟ್ಟರೆ ಆರತಿ ಯಾರಿಗೆ?

ನನ್ನ ವಿಮರ್ಶೆಯ ಸಾರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹರಿಹರದ ನಿಲ್ದಾಣಕ್ಕೆ ಗುಡಿಯ ಮುಖವಾಡ ಬೇಡ. ಗುಡಿ ಕಟ್ಟಿದವರಿಗಿದ್ದ ಬುದ್ಧಿ ಬೇಕು. ಗಾಳಿಯಾಡುವ ಸೂರು, ಒರಗಿ ಕೂರುವ ಜಗಲಿ, ಹೊಳೆಗೆ ಕೈತೋರುವ ಹಲಗೆ, ಬೀಗವಿಲ್ಲದ ಶೌಚಾಲಯ, ಆರತಿಯ ನಂತರದ ರೈಲು. ನಿಮ್ಮ ಊರಿನ ನಿಲ್ದಾಣವನ್ನೂ ಹೀಗೆ ಒಮ್ಮೆ ಬಿಚ್ಚಿ, ಅಂಚು ಸೆರಗು ಹಿಡಿದು ನೋಡಿ. ನೋಡಿದ್ದನ್ನು ನಿಲ್ದಾಣದ ದೂರಿನ ಪುಸ್ತಕದಲ್ಲಿ ಬರೆಯಿರಿ. ಆ ಪುಸ್ತಕದಲ್ಲಿ ಹೆಂಗಸರ ಕೈಬರಹ ಇನ್ನಷ್ಟು ಕಾಣಲಿ.