ಬರೆದವನ ಹೆಸರು

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟವನ್ನು ಏರುವವರಲ್ಲಿ ಹೆಚ್ಚಿನವರು ಅಲ್ಲಿನ ದೇವಾಲಯಕ್ಕೆ ಹೋಗುವವರು. ರಾವಣನೊಡನೆ ಹೋರಾಡಿದ ಜಟಾಯು ಬಿದ್ದ ಸ್ಥಳವಿದು ಎಂಬುದು ಆ ಸೀಮೆಯ ಜನರ ನಂಬಿಕೆ. ಅದೇ ಬೆಟ್ಟದ ಬಂಡೆಯೊಂದರ ಮೇಲೆ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಶಾಸನವಿದೆ. ಸಮೀಪದ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳೊಡನೆ ಇದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಲೋಕಕ್ಕೆ ಪರಿಚಯಿಸಿದರು. ಜಾತ್ರೆಯ ದಿನಗಳಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದರಿಂದ ಆ ಬಂಡೆಗೆ ಬಳೆಗಾರ ಗುಂಡು ಎಂಬ ಹೆಸರು ಬಂದಿತು. ಅಕ್ಷರಗಳು ಬಹಳ ಸವೆದಿವೆ.

ತಂದೆತಾಯಿಗಳ ಮಾತು ಕೇಳು, ಜೀವಿಗಳಲ್ಲಿ ದಯೆಯಿಡು, ಸತ್ಯವನ್ನು ನುಡಿ ಎಂಬುದು ಆ ಶಾಸನಗಳ ಉಪದೇಶ. ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಿಸಿದರೆ ಸಣ್ಣವರಿಗೂ ಶ್ರೇಯಸ್ಸು ಲಭಿಸುತ್ತದೆ ಎಂಬ ಮಾತೂ ಅವುಗಳಲ್ಲಿದೆ. ಆದರೆ ಇಂದು ನಾನು ಗಮನ ಸೆಳೆಯಬಯಸುವುದು ಬ್ರಹ್ಮಗಿರಿಯ ಪಾಠದ ಕೊನೆಯ ಸಾಲಿನತ್ತ. ಇದನ್ನು ಬರೆದವನು ಚಪಡ ಎಂಬ ಲಿಪಿಕಾರ ಎಂದು ಅಲ್ಲಿದೆ. ಆಜ್ಞೆ ಚಕ್ರವರ್ತಿಯದು, ಆದರೂ ಕೆತ್ತಿಸಿದ ಕೈ ತನ್ನ ಹೆಸರನ್ನು ಮರೆಮಾಚಲಿಲ್ಲ.

ಈ ಸಾಲು ನೆನಪಾದದ್ದು ನಮ್ಮ ಕಾಲದ ಬೇರೊಂದು ಬರವಣಿಗೆಯಿಂದ. ಇಂದು ಆಜ್ಞೆಗಳನ್ನು ಬಂಡೆಯ ಮೇಲೆ ಕೊರೆಯುವುದಿಲ್ಲ, ತಂತ್ರಾಂಶದೊಳಗೆ ಬರೆಯುತ್ತಾರೆ. ಕರ್ನಾಟಕದ ಹಳ್ಳಿಗಳನ್ನು ಅತ್ಯಂತ ಆಳವಾಗಿ ಮುಟ್ಟಿದ ತಂತ್ರಾಂಶವೆಂದರೆ ಕಂದಾಯ ಇಲಾಖೆಯ 'ಭೂಮಿ'. ರಾಷ್ಟ್ರೀಯ ಮಾಹಿತಿ ಕೇಂದ್ರವು ರೂಪಿಸಿದ ಈ ವ್ಯವಸ್ಥೆಯ ಮೂಲಕ, 2000ದ ದಶಕದ ಆರಂಭದಲ್ಲಿ, ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಮೊಳಕಾಲ್ಮೂರಿನ ರೈತನೂ ಬೆಂಗಳೂರಿನ ಅಂಚಿನ ರೈತನೂ ಒಂದೇ ಬಗೆಯ ಕಿಟಕಿಯ ಮುಂದೆ ನಿಂತರು.

ಒಂದು ಕೃತಿಯನ್ನು ವಿಮರ್ಶಿಸುವಂತೆ ಈ ತಂತ್ರಾಂಶವನ್ನೂ ವಿಮರ್ಶಿಸಬೇಕು. ಮೊದಲು ಅದರ ಗುಣವನ್ನು ಹೇಳುವುದು ನ್ಯಾಯ. ಅದಕ್ಕೂ ಮುಂಚೆ ಪಹಣಿ ಗ್ರಾಮ ಲೆಕ್ಕಿಗರ ಚೀಲದಲ್ಲಿತ್ತು. ಅದು ಯಾವಾಗ, ಯಾವ ಬೆಲೆಗೆ ಹೊರಬರುವುದೆಂಬುದು ಅವರ ಮರ್ಜಿಗೆ ಸೇರಿತ್ತು. 'ಭೂಮಿ' ಬಂದ ಮೇಲೆ 15 ರೂಪಾಯಿ ಶುಲ್ಕಕ್ಕೆ ಪ್ರತಿ ದೊರೆಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಅಳವಡಿಸಿದರು. ಹಿಂದೆ ಬಂದ ಬಲಾಢ್ಯನು ಮುಂದೆ ನಿಂತ ಬಡವನನ್ನು ದಾಟಿ ಹೋಗಬಾರದೆಂಬುದು ಇದರ ಆಶಯ. ಇದೊಂದು ನೈತಿಕ ತೀರ್ಮಾನ. ಅದನ್ನು ಮಾಡಿದವರು ಅಭಿನಂದನೆಗೆ ಅರ್ಹರು. ದಾಖಲೆ ತಿದ್ದುವ ಸಿಬ್ಬಂದಿ ತನ್ನ ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂಬ ಕಟ್ಟಳೆಯೂ ಇತ್ತು. ಚಪಡನ ಸಹಿ ಇಲ್ಲಿ ಬೇರೊಂದು ರೂಪದಲ್ಲಿ ಮರಳಿತೆನ್ನಬಹುದು.

ಆದರೆ ಕೊರತೆ ಇರುವುದೂ ಅಲ್ಲಿಯೇ. ಚಪಡನು ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆಸಿ, 'ಲಿಪಿಕಾರ' ಎಂಬ ಪದವನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಬರೆದ. ಈ ಬೆಟ್ಟಗಳ ಸುತ್ತಲಿನವರಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಿರಬಹುದು? 'ಭೂಮಿ'ಯಲ್ಲಿ ದಾಖಲಾದ ಬೆರಳಚ್ಚು ಕೂಡ ರೈತನಿಗೆ ಖರೋಷ್ಠಿಯೇ. ತನ್ನ ಹೆಸರಿನ ಒಂದಕ್ಷರ ತಪ್ಪಾದುದು ಯಾರಿಂದ, ತಂಗಿಯ ಪಾಲಿನ ಗುಂಟೆ ಬೇರೆ ಸರ್ವೆ ನಂಬರಿಗೆ ಸೇರಿದ್ದು ಹೇಗೆ ಎಂಬುದು ಕಿಟಕಿಯ ಈಚೆಗೆ ನಿಂತವನಿಗೆ ಕಾಣದು. ಹಳೆಯ ಪುಸ್ತಕದ ತಪ್ಪುಗಳೂ, ನಮೂದಿಸುವಾಗಿನ ತಪ್ಪುಗಳೂ ಗಣಕಯಂತ್ರದ ಮುದ್ರೆ ಪಡೆದು ಸತ್ಯದಂತೆ ಹೊರಬಂದವು. ಅವನ್ನು ಸರಿಪಡಿಸಲು ಕಂದಾಯ ಅದಾಲತ್ತುಗಳನ್ನು ನಡೆಸಬೇಕಾಯಿತು. ತಪ್ಪು ಮಾಡಿದವರು ಯಾರೇ ಇರಲಿ, ಅಲೆದಾಟ ಮಾತ್ರ ರೈತನದು.

ಸೊಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 'ಭೂಮಿ'ಯನ್ನು ಅಧ್ಯಯನ ಮಾಡಿ ಇನ್ನೂ ತೀಕ್ಷ್ಣವಾದ ಮಾತನ್ನಾಡಿದರು. ದಾಖಲೆಗಳು ಒಂದೆಡೆ ಕೇಂದ್ರೀಕೃತವಾದಾಗ ಲಂಚ ಅಳಿಯಲಿಲ್ಲ, ಹಳ್ಳಿಯಿಂದ ಮೇಲಕ್ಕೆ ಸರಿಯಿತು. ಬೆಂಗಳೂರಿನ ಸುತ್ತ ಜಮೀನು ಅರಸುವ ದೊಡ್ಡವರಿಗೇ ಅನುಕೂಲ ಹೆಚ್ಚಿತು ಎಂಬುದು ಅವರ ವಾದ. ಈ ವಾದವನ್ನು ರಾಜ್ಯಕ್ಕೆಲ್ಲ ಅನ್ವಯಿಸುವುದು ಅತಿಯಾದೀತು. ಆದರೆ ಎಲ್ಲರಿಗೂ ತೆರೆದ ಬಾಗಿಲಿನ ಮೂಲಕ ಮೊದಲು ಒಳನುಗ್ಗುವವನು ಓಡಬಲ್ಲವನು ಎಂಬ ಎಚ್ಚರಿಕೆಯನ್ನು ತಳ್ಳಿಹಾಕಲಾಗದು.

ಯಂತ್ರದ ಮಾತೇ ಅಂತಿಮವಾದರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆ ನಿದರ್ಶನ. 'ಹೊರೈಜನ್' ಎಂಬ ದೋಷಪೂರಿತ ಲೆಕ್ಕಪತ್ರ ತಂತ್ರಾಂಶ ತೋರಿಸಿದ ಕೊರತೆಯನ್ನು ನಂಬಿ, 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಸಣ್ಣ ಅಂಚೆ ಕಚೇರಿಯವರನ್ನು ಕಳ್ಳರೆಂದು ತೀರ್ಮಾನಿಸಲಾಯಿತು. ಕೆಲವರು ಸೆರೆಮನೆ ಸೇರಿದರು, ಕೆಲವರು ಜೀವವನ್ನೇ ಕಳೆದುಕೊಂಡರು. ಆ ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಪಡಿಸುವ ಕಾನೂನು ಬಂದದ್ದು 2024ರಲ್ಲಿ. ಅಲ್ಲಿ ತಂತ್ರಾಂಶದ ದೋಷಕ್ಕಿಂತ ಘೋರವಾದುದು, ದೋಷವಿರಬಹುದೆಂದು ಕೂಗಿದ ಮನುಷ್ಯರ ಮಾತಿಗೆ ಕಿವಿಗೊಡದಿದ್ದುದು.

ನಮ್ಮ ಕುಟುಂಬಗಳ ಅನೇಕ ಮಕ್ಕಳು ಇಂದು ತಂತ್ರಾಂಶ ಸಂಸ್ಥೆಗಳಲ್ಲಿ ದುಡಿಯುತ್ತಿದ್ದಾರೆ. ಅವರ ಸಂಬಳವನ್ನು ವಿಚಾರಿಸುವ ನಾವು, ಅವರು ಬರೆಯುತ್ತಿರುವುದು ಏನನ್ನು ಎಂದು ಕೇಳುವುದು ವಿರಳ. ಕಲ್ಲು ಹೊತ್ತು, ಮಣ್ಣು ಅಗೆದು ಬೆರಳ ಗೆರೆಗಳು ಸವೆದ ಮುದುಕಿಯ ಹೆಬ್ಬೆಟ್ಟನ್ನು ಪಡಿತರದ ಯಂತ್ರ ಗುರುತಿಸದೆ ಹೋದಾಗ, ಆ ಯಂತ್ರ ಮುಂದೇನು ಹೇಳಬೇಕೆಂದು ಯಾರೋ ಒಬ್ಬ ಯುವಕನೋ ಯುವತಿಯೋ ಎಂದೋ ತೀರ್ಮಾನಿಸಿರುತ್ತಾರೆ. 'ಹೋಗು' ಎನ್ನುವುದೇ, ಇಲ್ಲವೇ 'ಬೇರೆ ದಾರಿ ಇದೆ, ನಿಲ್ಲು' ಎನ್ನುವುದೇ? ಗಣಕ ವೃತ್ತಿಯವರ ಅಂತರರಾಷ್ಟ್ರೀಯ ಸಂಘವಾದ ಎ.ಸಿ.ಎಂ. 2018ರಲ್ಲಿ ಪರಿಷ್ಕರಿಸಿದ ತನ್ನ ನೀತಿಸಂಹಿತೆಯಲ್ಲಿ, ಈ ವಿದ್ಯೆಯಲ್ಲಿ ಎಲ್ಲ ಮನುಷ್ಯರೂ ಪಾಲುದಾರರು ಎಂದು ಒಪ್ಪಿಕೊಂಡಿದೆ. ಸಣ್ಣವರಿಗೂ ಶ್ರೇಯಸ್ಸುಂಟೆಂದ ಬಂಡೆಯ ಮಾತಿಗೆ ಇದು ದೂರದ್ದಲ್ಲ.

ಒಳ್ಳೆಯ ತಂತ್ರಾಂಶಕ್ಕೆ ವೇಗವೊಂದೇ ಲಕ್ಷಣವಲ್ಲ. ಬರೆದವನು ಯಾರೆಂದು ಅದು ಹೇಳಬೇಕು. ಓದುವವನಿಗೆ ತಿಳಿಯುವ ಲಿಪಿಯಲ್ಲಿ ಹೇಳಬೇಕು. ತಪ್ಪೆಂದು ಹೇಳಬಂದವನಿಗೆ ಕೂರಲು ಜಾಗ ಕೊಡಬೇಕು. ಜಟಿಂಗ ರಾಮೇಶ್ವರದ ಅಕ್ಷರಗಳು ಜನರ ಕಾಲಡಿಯಲ್ಲಿ ಸವೆದವು. ನಮ್ಮ ಅಕ್ಷರಗಳ ಕೆಳಗೆ ಜನರೇ ಸವೆಯದಂತೆ ನೋಡಿಕೊಳ್ಳುವ ಹೊಣೆ, ಬರೆಯುವ ಮಕ್ಕಳದು ಮತ್ತು ಅವರನ್ನು ಬೆಳೆಸಿದ ನಮ್ಮದು.