ಮೆಲ್ಲನೆ ಹಾಡಿದವರು

ಫಿಸ್ಕ್ ಜುಬಿಲಿ ಗಾಯಕರ ಬಗ್ಗೆ ಯಾರು ಬರೆದರೂ ‘ತ್ಯಾಗ’ ಎಂಬ ಮಾತು ಎರಡನೆಯ ಪುಟದೊಳಗೆ ಬಂದುಬಿಡುತ್ತದೆ. 2000ದಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ಬಂದ ಸಾಕ್ಷ್ಯಚಿತ್ರದ ಹೆಸರಿನಲ್ಲೇ ಅದು ಕೂತಿದೆ. ಕನ್ನಡದಲ್ಲಿ ಹೇಳುವುದಾದರೆ ‘ತ್ಯಾಗ ಮತ್ತು ಕೀರ್ತಿ’. ಚಿತ್ರದ ಮೇಲೆ ನನಗೇನೂ ಸಿಟ್ಟಿಲ್ಲ, ತಕರಾರು ಆ ಮಾತಿನ ಮೇಲೆ. ತ್ಯಾಗ ಎಂದೊಡನೆ ಬೇಡಿದವರು ಯಾರು, ಕೊಟ್ಟವರು ಯಾರು, ಎಷ್ಟು ಕೊಟ್ಟರು ಎಂಬ ಲೆಕ್ಕ ಅಲ್ಲಿಗೇ ನಿಂತುಹೋಗುತ್ತದೆ. ನಮ್ಮ ಮನೆಗಳಲ್ಲಿ ಈ ಮಾತನ್ನು ಯಾರ ಬಗ್ಗೆ ಬಳಸುತ್ತಾರೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಲೆಕ್ಕ ಹೀಗಿದೆ. ಫಿಸ್ಕ್ ಎಂಬುದು ಟೆನೆಸೀ ರಾಜ್ಯದ ನ್ಯಾಶ್‌ವಿಲ್ ಊರಿನ ಕ್ರೈಸ್ತ ಕಾಲೇಜು. ಗುಲಾಮಗಿರಿ ಹೋದ ಹೊಸದರಲ್ಲಿ, 1866ರಲ್ಲಿ, ಬಿಡುಗಡೆಯಾದ ಕಪ್ಪು ಜನರ ಓದಿಗೆಂದು ಮಿಷನರಿ ಸಂಘದವರು ಯುದ್ಧಕಾಲದ ಮಿಲಿಟರಿ ಆಸ್ಪತ್ರೆಯ ಬ್ಯಾರಕ್ಕುಗಳಲ್ಲಿ ಅದನ್ನು ತೆರೆದರು. ಐದು ವರ್ಷಕ್ಕೆ ಕಟ್ಟಡಗಳು ಶಿಥಿಲವಾದವು, ಸಾಲ ಕುತ್ತಿಗೆಗೆ ಬಂತು. ಕಾಲೇಜಿನ ಖಜಾಂಚಿ ಜಾರ್ಜ್ ವೈಟ್ ಸಂಗೀತವನ್ನೂ ಕಲಿಸುತ್ತಿದ್ದ ಬಿಳಿಯ. 1871ರ ಅಕ್ಟೋಬರ್ 6ರಂದು ಆತ ಒಂಬತ್ತು ಮಂದಿಯನ್ನು ಕಟ್ಟಿಕೊಂಡು, ಹಾಡಿ ಹಣ ತರೋಣವೆಂದು ಉತ್ತರದ ಊರುಗಳಿಗೆ ಹೊರಟ. ಐವರು ಹುಡುಗಿಯರು, ನಾಲ್ವರು ಹುಡುಗರು. ಎಲ್ಲರಿಗಿಂತ ಚಿಕ್ಕವಳಾದ ಮಿನ್ನಿ ಟೇಟ್‌ಗೆ ಹದಿನಾಲ್ಕು ವರ್ಷ. ಚಳಿಗೆ ತಕ್ಕ ಬಟ್ಟೆ ಇರಲಿಲ್ಲ. ಹೋಟೆಲುಗಳು ಬಾಗಿಲು ಹಾಕಿಕೊಂಡವು. ಮೊದಮೊದಲ ಗಳಿಕೆ ಐವತ್ತು ಡಾಲರಿಗೂ ಕಡಿಮೆ. ಅದನ್ನೂ ಆಗಷ್ಟೇ ಬೆಂಕಿ ಬಿದ್ದಿದ್ದ ಶಿಕಾಗೋ ನಗರದ ಪರಿಹಾರಕ್ಕೆ ಕೊಟ್ಟುಬಂದರು. 1873ರಲ್ಲಿ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಮುಂದೆ ಹಾಡಿದರು. 1878ರಲ್ಲಿ ಜರ್ಮನಿಯಲ್ಲಿ ತಂಡ ಚದುರುವ ಹೊತ್ತಿಗೆ ಒಟ್ಟು ಸುಮಾರು ಒಂದೂವರೆ ಲಕ್ಷ ಡಾಲರ್ ಕಾಲೇಜಿಗೆ ಬಂದಿತ್ತು. ಆ ಹಣದಲ್ಲಿ ಎದ್ದ ಜುಬಿಲಿ ಹಾಲ್ 1876ರ ಜನವರಿ 1ರಂದು ತೆರೆಯಿತು, ಈಗಲೂ ಇದೆ. ಕಟ್ಟಡ ನಿಂತಿತು, ಅದಕ್ಕಾಗಿ ಊರೂರು ಅಲೆದವರ ತರಗತಿಗಳು ನಿಂತೇ ಹೋದವು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವಳು ಎಲಾ ಶೆಪರ್ಡ್. ಗುಲಾಮಳಾಗಿ ಹುಟ್ಟಿದವಳು. ತಂದೆ 350 ಡಾಲರ್ ತೆತ್ತು ಅವಳನ್ನು ಬಿಡಿಸಿಕೊಂಡ. ತಾಯಿಯನ್ನು ಮಾರಲು ಒಡತಿ ಒಪ್ಪಲಿಲ್ಲ. ಸಿನ್ಸಿನಾಟಿಯಲ್ಲಿ ಒಬ್ಬ ಬಿಳಿಯ ಸಂಗೀತ ಶಿಕ್ಷಕಿ ಅವಳಿಗೆ ಹನ್ನೆರಡು ಪಾಠ ಹೇಳಿದಳು, ಒಂದು ಷರತ್ತಿನ ಮೇಲೆ: ಕತ್ತಲಾದ ಮೇಲೆ ಹಿಂಬಾಗಿಲಿಂದ ಬರಬೇಕು, ಯಾರಿಗೂ ಹೇಳಕೂಡದು. ಅಷ್ಟು ಪಾಠದ ಬಲದ ಮೇಲೆ ಫಿಸ್ಕಿಗೆ ಬಂದು, ಅಲ್ಲಿ ಸಂಗೀತ ಕಲಿಸುವವಳಾದಳು. 1875ರವರೆಗೆ ಕಪ್ಪು ಜನರ ಆ ಕಾಲೇಜಿನ ಸಿಬ್ಬಂದಿಯಲ್ಲಿ ಇದ್ದ ಕಪ್ಪು ವ್ಯಕ್ತಿ ಇವಳೊಬ್ಬಳೇ. ತಂಡದಲ್ಲಿ ಪಿಯಾನೊ ಅವಳದು, ಹಾಡುವುದೂ ಉಂಟು, ತಾಲೀಮಿನ ಭಾರವೂ ಅವಳ ಮೇಲೆ. ಜಾಹೀರಾತಿನಲ್ಲಿ ನಿರ್ದೇಶಕ ಎಂದು ಇದ್ದ ಹೆಸರು ವೈಟ್‌ನದು.

ಹಾಡುಗಳದ್ದು ಇನ್ನೂ ಕಷ್ಟದ ಮಾತು. ಮೊದಲು ಇವರು ಹಾಡುತ್ತಿದ್ದದ್ದು ಯುರೋಪಿನ ಸ್ತೋತ್ರಗಳನ್ನು, ಆಗಿನ ಜನಪ್ರಿಯ ಗೀತೆಗಳನ್ನು. ಜನ ಗೌರವದಿಂದ ಕೇಳಿ, ಕೈ ಬಿಗಿಹಿಡಿದು ಎದ್ದುಹೋಗುತ್ತಿದ್ದರು. ಸ್ಪಿರಿಚುವಲ್ ಎಂದು ಈಗ ಕರೆಯುವ ಹಾಡುಗಳು, ಎಂದರೆ ಗುಲಾಮಗಿರಿಯಲ್ಲಿ ಅವರ ಹೆತ್ತವರು ಹಾಡಿಕೊಳ್ಳುತ್ತಿದ್ದ ಪ್ರಾರ್ಥನೆಗಳು, ವೇದಿಕೆಗೆ ಬಂದಿರಲಿಲ್ಲ. ಅವನ್ನು ಪರರ ಮುಂದೆ ಹಾಡಲು ಮನಸ್ಸು ಬರಲಿಲ್ಲವೆಂದು ಎಲಾಳೇ ಮುಂದೆ ಬರೆದಿದ್ದಾಳೆ. ಅವು ಕಳೆದುಹೋಗಲಿ ಎನ್ನಿಸುವ ಕಾಲಕ್ಕೆ ಸೇರಿದವು, ಹೆತ್ತವರ ಪೂಜೆಗೆ ಸೇರಿದವು. ಆದರೆ ಓಹಾಯೊದ ಒಂದು ಚರ್ಚ್ ಸಮ್ಮೇಳನದಲ್ಲಿ ‘ಸ್ಟೀಲ್ ಅವೇ’ ಹಾಡಿದ ಮೇಲೆ ಸಭೆಯ ಗುಸುಗುಸು ನಿಂತಿತು. ಆಮೇಲೆ ಎಲ್ಲ ಕಡೆಯೂ ಅದೇ ಬೇಕು ಎಂದರು. ಕಾಲೇಜಿನ ಛಾವಣಿಗಾಗಿ ಅಪ್ಪ ಅಮ್ಮಂದಿರ ಪ್ರಾರ್ಥನೆಗೆ ಟಿಕೆಟ್ ಇಡುವುದೆಂದರೆ ಏನೆಂದು ಯೋಚಿಸಿ. ಹಾಡುವ ಹುಡುಗಿಯಿಂದ ಇಷ್ಟನ್ನು ಕೇಳುವ ಹಕ್ಕು ಒಂದು ಸಂಸ್ಥೆಗೆ, ಅದು ಎಷ್ಟೇ ಒಳ್ಳೆಯದಾಗಿರಲಿ, ಇದೆಯೇ? ಇಲ್ಲವೆಂದೇ ನನಗನ್ನಿಸುತ್ತದೆ. ಆದರೂ ಅವರು ಕೊಟ್ಟರು, ಕೊಟ್ಟಿದ್ದರಿಂದ ಆ ಹಾಡುಗಳು ಉಳಿದವು. ಎರಡನ್ನೂ ಒಟ್ಟಿಗೆ ಹೇಳದೆ ಗತಿಯಿಲ್ಲ.

ಹೇಗೆ ಕೊಟ್ಟರು ಎಂಬುದನ್ನು ನೋಡಬೇಕು. ಆ ಕಾಲದ ಬಿಳಿಯ ಪ್ರೇಕ್ಷಕರಿಗೆ ಕಪ್ಪು ಜನರ ಹಾಡು ಎಂದರೆ ಮಿನ್‌ಸ್ಟ್ರೆಲ್ ಆಟ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕುಣಿದು ಅಣಕಿಸುವ ತಮಾಷೆ. ಅದನ್ನೇ ನಿರೀಕ್ಷಿಸಿ ಬಂದವರ ಮುಂದೆ ಇವರು ಕದಲದೆ ನಿಂತು, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಮೆಲ್ಲನೆ ಹಾಡಿದರು. ನಗಲು ಬಂದವನು ಮೊದಲು ಉಸಿರು ಬಿಗಿಹಿಡಿಯಬೇಕಾಯಿತು.

ಮೆಲ್ಲನೆ ಹಾಡುವುದು ಸುಲಭವೆಂದು ತಿಳಿಯಬೇಡಿ. ನಮ್ಮ ಭಜನೆಯಲ್ಲಿ ಎಲ್ಲರದೂ ಒಂದೇ ಸ್ವರ. ಒಬ್ಬಳು ತಪ್ಪಿದರೂ ಹತ್ತು ಮಂದಿ ಮುಚ್ಚಿಕೊಳ್ಳುತ್ತಾರೆ, ಹೆಚ್ಚೆಂದರೆ ಮುಂದಿನ ಸಾಲಿನವರು ತಿರುಗಿ ನೋಡಿಯಾರು. ಇಲ್ಲಿ ನಾಲ್ಕು ಸಾಲು, ನಾಲ್ಕು ಬೇರೆ ಸ್ವರ, ಏಕಕಾಲಕ್ಕೆ. ದನಿ ತಗ್ಗಿಸಿದೊಡನೆ ಶ್ರುತಿ ಜಾರುತ್ತದೆ, ಆದ್ದರಿಂದ ಹೊಟ್ಟೆಯಿಂದ ಹೆಚ್ಚು ಉಸಿರು ಒತ್ತಿ ಕಡಿಮೆ ದನಿ ಬಿಡಬೇಕು. ನೀಳವಾದ ಸ್ವರದಲ್ಲಿ ಪಕ್ಕದವಳು ಉಸಿರು ತೆಗೆದುಕೊಳ್ಳುವಾಗ ನೀವು ತೆಗೆದುಕೊಳ್ಳಕೂಡದು. ಹಾಗೆ ಸರದಿಯ ಮೇಲೆ ಉಸಿರಾಡಿದರೆ ಕೇಳುವವರಿಗೆ ಸ್ವರ ಎಲ್ಲೂ ಕಡಿಯುವುದಿಲ್ಲ. ಪದದ ಕೊನೆಯ ‘ಸ್’ ಎಲ್ಲರ ಬಾಯಿಂದಲೂ ಒಂದೇ ಕ್ಷಣಕ್ಕೆ ಬೀಳಬೇಕು, ಇಲ್ಲವಾದರೆ ಹಾವು ಬುಸುಗುಟ್ಟಿದ ಹಾಗೆ. ಆಲ್ಟೊ ಎಂಬ ಹೆಂಗಸರ ಕೆಳಸಾಲನ್ನು ಬೇರೆ ಮಾಡಿ ಹಾಡಿದರೆ ಅದರಲ್ಲಿ ಇಂಪೇ ಇಲ್ಲ, ಅದನ್ನು ಯಾರೂ ಅಡುಗೆಮನೆಯಲ್ಲಿ ಗುನುಗುವುದಿಲ್ಲ. ತೆಗೆದುಹಾಕಿ ನೋಡಿ, ಮೇಲಿನ ಸಾಲು ಸೊರಗುತ್ತದೆ. ಕಾಲೇಜಿನ ಗಾಯಕವೃಂದಕ್ಕೆ ಸೇರಿದ ಹುಡುಗಿಗೆ ಮೊದಲ ವರ್ಷವೆಲ್ಲ ಇದೇ ಪಾಠ. ಇದನ್ನು ಶಿಸ್ತು ಎನ್ನಲು ನನಗೆ ಅಡ್ಡಿಯಿಲ್ಲ. ತನ್ನ ಕಿವಿಯನ್ನು ಪಕ್ಕದವಳಿಗೆ ಒಪ್ಪಿಸುವುದು ಒಂದು ವಿದ್ಯೆ, ಕಲಿತವಳಿಗೆ ಅದು ಸಿಕ್ಕುತ್ತದೆ. ತನ್ನ ಆರೋಗ್ಯವನ್ನೂ ಓದನ್ನೂ ಸಂಸ್ಥೆಗೆ ಒಪ್ಪಿಸುವುದು ಬೇರೆ ವಿಷಯ. ಫಿಸ್ಕಿನ ಕಥೆ ಹೇಳುವವರು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತಾರೆ, ನನ್ನ ಜಗಳವೆಲ್ಲ ಆ ಗಂಟಿನ ಮೇಲೆ.

ಈ ನಯದ ಹಾಡುಗಾರಿಕೆಗೆ ಬಿದ್ದ ದೊಡ್ಡ ಪೆಟ್ಟು ಕಪ್ಪು ಲೇಖಕಿಯೊಬ್ಬಳದೇ. ಜೋರಾ ನೀಲ್ ಹರ್ಸ್ಟನ್ 1934ರಲ್ಲಿ ಪ್ರಕಟವಾದ ಲೇಖನದಲ್ಲಿ, ಕಾಲೇಜು ತಂಡಗಳು ಹಾಡುವುದು ನಿಜವಾದ ಸ್ಪಿರಿಚುವಲ್ ಅಲ್ಲವೇ ಅಲ್ಲ ಎಂದು ಖಂಡತುಂಡವಾಗಿ ಹೇಳಿದಳು. ಚರ್ಚಿನಲ್ಲಿ ಜನ ಹಾಡುವಾಗ ಅದು ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುವುದಿಲ್ಲ, ಅದರ ಒರಟುತನವೇ ಅದರ ಜೀವ ಎಂಬುದು ಅವಳ ವಾದ. ಹಾಡಿನ ಮಟ್ಟಿಗೆ ಅವಳ ಮಾತನ್ನು ಒಪ್ಪುತ್ತೇನೆ. ಆದರೆ 1871ರಲ್ಲಿ ಆ ಒರಟು ದನಿಯನ್ನು ಹಾಗೇ ಎತ್ತಿಕೊಟ್ಟಿದ್ದರೆ ಬಿಳಿಯರ ಸಭೆ ಅದನ್ನು ಯಾವ ತಮಾಷೆಯ ಪಕ್ಕ ಇಡುತ್ತಿತ್ತು ಎಂಬುದನ್ನು ಹರ್ಸ್ಟನ್ ಲೆಕ್ಕಕ್ಕೆ ಹಿಡಿಯಲಿಲ್ಲ. ಅವರು ಒರಟನ್ನು ಕಳೆದುಕೊಂಡದ್ದು ಸೊಗಸಿಗಾಗಿ ಮಾತ್ರ ಅಲ್ಲ.

ಕೇಳಿ ತೀರ್ಮಾನಿಸೋಣವೆಂದರೆ ಇನ್ನೊಂದು ತೊಡಕು. ಫಿಸ್ಕಿನ ಹಾಡಿನ ಮೊದಲ ಧ್ವನಿಮುದ್ರಿಕೆ 1909ರದು, ‘ಸ್ವಿಂಗ್ ಲೋ, ಸ್ವೀಟ್ ಚಾರಿಯಟ್’. ಹಾಡಿದವರು ನಾಲ್ವರು ಗಂಡಸರು. ಬಹಳ ಚಂದದ ತಟ್ಟೆ ಅದು. ಒಬ್ಬ ಕರೆಯುತ್ತಾನೆ, ಮೂವರು ಓಗೊಡುತ್ತಾರೆ, ಗರಗರ ಸದ್ದಿನ ಹಿಂದಿನಿಂದಲೂ ಆ ಹೊಂದಿಕೆ ಕೇಳುತ್ತದೆ. ಅಮೆರಿಕದ ರಾಷ್ಟ್ರೀಯ ಧ್ವನಿಸಂಗ್ರಹದ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಆಗ ಎಲಾ ಬದುಕಿದ್ದಳು; ತೀರಿಕೊಂಡದ್ದು 1914ರಲ್ಲಿ. ಐವರು ಹುಡುಗಿಯರಿಂದ ಶುರುವಾದ ಹಾಡು ತಟ್ಟೆಗೆ ಇಳಿದಾಗ ಅದರಲ್ಲಿ ಹೆಣ್ಣುದನಿ ಒಂದೂ ಇಲ್ಲ.

ಈಚಿನವುಗಳಲ್ಲಿ 2020ರ ಆಲ್ಬಮ್ಮಿಗೆ 2021ರಲ್ಲಿ ಗ್ರ್ಯಾಮಿ ಬಂತು, ಸಂತೋಷ. ಆದರೆ ಅದರಲ್ಲಿ ಹೆಸರಾಂತ ಅತಿಥಿಗಳು ಮುಂದೆ, ವಿದ್ಯಾರ್ಥಿಗಳು ಹಿಂದೆ. ನನಗೆ ಹೆಚ್ಚು ಹಿಡಿಸಿದ್ದು 2003ರದು. 1994ರಿಂದ 2022ರಲ್ಲಿ ತೀರಿಕೊಳ್ಳುವವರೆಗೆ ತಂಡವನ್ನು ನಡೆಸಿದ ಪಾಲ್ ಕ್ವಾಮಿ ತಾವೂ ಫಿಸ್ಕಿನಲ್ಲಿ ಓದಿ ಹಾಡಿದವರು. ಕಛೇರಿಯಲ್ಲಿ ಅವರು ಮುಂದೆ ನಿಂತು ಕೈಯಾಡಿಸುತ್ತಿರಲಿಲ್ಲ. ಹಾಡುವವರೇ ಪರಸ್ಪರ ನೋಡಿ, ಒಂದೇ ಉಸಿರು ಎಳೆದು, ಶುರುಮಾಡಬೇಕು. ವೈಟ್‌ನ ಹೆಸರು ದೊಡ್ಡದಾಗಿ ಅಚ್ಚಾದ ಆ ಜಾಹೀರಾತುಗಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಹೊಳೆಯುವುದಿಲ್ಲ.

1878ರ ನಂತರ ಹಳಬರಲ್ಲಿ ಕೆಲವರು ಕಾಲೇಜಿನ ಹಂಗಿಲ್ಲದೆ ಹಾಡಿದರು. ಫ್ರೆಡರಿಕ್ ಲೌಡಿನ್ ಎಂಬಾತ ಕಟ್ಟಿದ ತಂಡ 1884ರಿಂದ ಆರು ವರ್ಷ ಜಗತ್ತು ಸುತ್ತಿತು, ನಮ್ಮ ದೇಶಕ್ಕೂ ಬಂತು, ತಾಜಮಹಲಿನೊಳಗೆ ನಿಂತು ಹಾಡಿತು. ಗಳಿಸಿದ್ದು ಅವರಿಗೇ. ಈ ಭಾಗ ಬಂದಾಗ ಪುಸ್ತಕಗಳು ಯಾಕೋ ಬೇಗ ಬೇಗ ಪುಟ ತಿರುವುತ್ತವೆ. ಕೂಲಿ ಪಡೆದ ಹಾಡು ತ್ಯಾಗದ ಹಾಡಿಗಿಂತ ಕಡಿಮೆ ಎಂದು ಕೇಳುವ ಕಿವಿಗೆ ಯಾರು ಹೇಳಿಕೊಟ್ಟರೋ.

ಎಲಾ 1882ರಲ್ಲಿ ಪಾದ್ರಿಯೊಬ್ಬರನ್ನು ಮದುವೆಯಾದಳು. ಬಿಡುಗಡೆಯ ನಂತರ ತಾಯಿಯನ್ನು ಹುಡುಕಿ ಕರೆತಂದು ನ್ಯಾಶ್‌ವಿಲ್‌ನಲ್ಲಿ ಮನೆ ಮಾಡಿಕೊಟ್ಟಿದ್ದಳು. ಪ್ರತಿ ಅಕ್ಟೋಬರ್ 6 ಈಗ ಫಿಸ್ಕಿನಲ್ಲಿ ಜುಬಿಲಿ ದಿನ; ಗಾಯಕವೃಂದದ ವಿದ್ಯಾರ್ಥಿಗಳು ಊರಿನ ಹಳೆಯ ಸ್ಮಶಾನಕ್ಕೆ ಹೋಗಿ ಹಾಡಿ ಬರುತ್ತಾರೆ. 1871ರಲ್ಲಿ ಹೊರಟ ಆ ಒಂಬತ್ತು ಮಂದಿಯಲ್ಲಿ ಒಬ್ಬರೂ ಅಲ್ಲಿ ಪದವಿ ಮುಗಿಸಲಿಲ್ಲ. ಕಾಲೇಜು ಅವರಿಗೆ ಮರಣೋತ್ತರವಾಗಿ ಬಿ.ಎ. ಗೌರವ ಪದವಿ ಕೊಟ್ಟಿದ್ದು 1978ರಲ್ಲಿ. ಜುಬಿಲಿ ಹಾಲಿಗೆ ಆಗ ನೂರ ಎರಡು ವರ್ಷ.