ಊರಿನ ಮಗನೂ ಕೇರಿಯ ದೂರೂ: ಬ್ರೂನೋ ಕಾದಂಬರಿಗಳ ಒಂದು ಓದು

1

ಪತ್ತೇದಾರಿ ಕಾದಂಬರಿಗಳ ಬಗ್ಗೆ ಬರೆಯುವುದೆಂದರೆ ಕನ್ನಡ ವಿಮರ್ಶೆಗೆ ಇವತ್ತಿಗೂ ಒಂದು ಮುಜುಗರ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿಯೇ ಅಕ್ಷರ ಗಟ್ಟಿ ಮಾಡಿಕೊಂಡವರು ಈ ನಾಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಎಂ.ಎ. ತರಗತಿಯಲ್ಲಿ ಆ ಹೆಸರೆತ್ತಿದರೆ ನಗು. ನನಗನ್ನಿಸುವುದು, ಜನ ರಾಶಿಗಟ್ಟಲೆ ಓದುವ ಇಂಥ ಕಥನಗಳಲ್ಲೇ ಅಧಿಕಾರ ತನ್ನ ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು ನಮ್ಮ ಮುಂದೆ ಬಂದು ಕೂರುತ್ತದೆ. ದಲಿತರು ಬರೆದದ್ದನ್ನು ಓದುವುದಷ್ಟೇ ದಲಿತ ವಿಮರ್ಶೆಯ ಕೆಲಸವಲ್ಲ. ನಮಗಾಗಿ ಬರೆಯದ, ನಮ್ಮ ಹೆಸರೇ ಗೊತ್ತಿಲ್ಲದ ಪುಸ್ತಕಗಳನ್ನೂ ಕೇರಿಯಲ್ಲಿ ನಿಂತು ಓದಿ ನೋಡಬೇಕು. ಅಲ್ಲಿಂದ ಕಾಣುವುದು ಬೇರೆಯೇ ಇರುತ್ತದೆ.

ಅಂಥದ್ದೊಂದು ಓದನ್ನು ಇಲ್ಲಿ ಮಾಡಿದ್ದೇನೆ. ಸ್ಕಾಟ್ಲೆಂಡ್ ಮೂಲದ ಪತ್ರಕರ್ತ ಮಾರ್ಟಿನ್ ವಾಕರ್ 2008ರಲ್ಲಿ 'ಬ್ರೂನೋ, ಚೀಫ್ ಆಫ್ ಪೊಲೀಸ್' ಎಂಬ ಇಂಗ್ಲಿಷ್ ಕಾದಂಬರಿ ಬರೆದರು. ಅಲ್ಲಿಂದ ಮುಂದೆ ಹೆಚ್ಚುಕಮ್ಮಿ ವರ್ಷಕ್ಕೊಂದರಂತೆ ಹದಿನೈದಕ್ಕೂ ಹೆಚ್ಚು ಪುಸ್ತಕಗಳು ಬಂದಿವೆ. ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುವಾಗ ನಾನು ಇವನ್ನು ಓದಿದ್ದು. ಖುಷಿಯಿಂದಲೇ ಓದಿದೆ ಎನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಖುಷಿಯ ಬಗೆಗೇ ನನ್ನ ತಕರಾರು.

2

ಕಥೆ ನಡೆಯುವುದು ಫ್ರಾನ್ಸಿನ ಪೆರಿಗೋರ್ ಪ್ರಾಂತ್ಯದ ಸೇಂಟ್ ಡೆನಿ ಎಂಬ ಕಲ್ಪಿತ ಊರಿನಲ್ಲಿ. ವೆಜೇರ್ ಹೊಳೆಯ ದಂಡೆ, ವಾರದ ಸಂತೆ, ದ್ರಾಕ್ಷಿ ತೋಟ, ಬಾತುಕೋಳಿ. ಈ ಊರಿನ ಪೊಲೀಸ್ ಮುಖ್ಯಸ್ಥ ಬ್ರೂನೋ ಕೂರೇಜ್. ಮುಖ್ಯಸ್ಥ ಅಂದರೆ ಕೈಕೆಳಗೆ ದಂಡು ದಳ ಇರುವವನಲ್ಲ. ಮೊದಲ ಕಾದಂಬರಿಯಲ್ಲಿ ಊರಿಗಿರುವ ಪುರಸಭೆ ಪೊಲೀಸ್ ಅವನೊಬ್ಬನೇ. ಫ್ರಾನ್ಸಿನಲ್ಲಿ ರಾಷ್ಟ್ರೀಯ ಪೊಲೀಸ್ ಬೇರೆ, ಜಾಂಡಾರ್ಮ್ ಪಡೆ ಬೇರೆ, ಪುರಸಭೆಯ ಪೊಲೀಸ್ ಬೇರೆ. ಪುರಸಭೆಯ ಪೊಲೀಸು ಊರಿನ ಮೇಯರ್‌ನ ಕೈಕೆಳಗಿನವನು. ಅಂದರೆ ಬ್ರೂನೋ ಉತ್ತರ ಹೇಳಬೇಕಾದ್ದು ದೂರದ ಸರ್ಕಾರಕ್ಕಲ್ಲ, ಊರ ಯಜಮಾನನಿಗೆ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಬ್ರೂನೋ ಪಿಸ್ತೂಲು ಕಟ್ಟಿಕೊಂಡು ತಿರುಗುವುದಿಲ್ಲ. ಅದು ಪುರಸಭೆಯ ತಿಜೋರಿಯಲ್ಲಿ ಬೀಗದೊಳಗಿರುತ್ತದೆ. ಮಕ್ಕಳಿಗೆ ಟೆನಿಸ್, ರಗ್ಬಿ ಕಲಿಸುತ್ತಾನೆ. ಅಡುಗೆಯಲ್ಲಿ ಪಳಗಿದ ಕೈ. ಸಂತೆಯಲ್ಲಿ ಮಾರುವ ಬೆಣ್ಣೆ ಗಿಣ್ಣನ್ನು ಪರೀಕ್ಷಿಸಲು ಯುರೋಪಿಯನ್ ಒಕ್ಕೂಟದ ನಿಯಮ ಹಿಡಿದುಕೊಂಡು ಇನ್‌ಸ್ಪೆಕ್ಟರುಗಳು ಬಂದರೆ, ಮುಂಚಿತವಾಗಿ ಸುಳಿವು ಕೊಟ್ಟು ಊರವರನ್ನು ಕಾಯುತ್ತಾನೆ. ಜಗಳಗಳನ್ನು ಮಾತಾಡಿ ಬಗೆಹರಿಸುತ್ತಾನೆ. ಕಾನೂನು ಹೊರಗಿನದು, ಊರು ಒಳಗಿನದು. ಇವೆರಡರಲ್ಲಿ ಊರಿನ ಕಡೆಗೆ ನಿಲ್ಲುವವನೇ ಒಳ್ಳೆಯ ಪೊಲೀಸ್. ಇಡೀ ಸರಣಿಯ ಒಳಗೆ ಹರಿಯುವ ನೀತಿ ಇದು. ಓದುಗರು ಬ್ರೂನೋನನ್ನು ಹಚ್ಚಿಕೊಳ್ಳುವುದೂ ಇದಕ್ಕೇ.

3

ಮೊದಲ ಕಾದಂಬರಿಯಲ್ಲಿ ಕೊಲೆಯಾಗುವವನು ಹಮೀದ್ ಎಂಬ ಅಲ್ಜೀರಿಯಾ ಮೂಲದ ಮುದುಕ. ಫ್ರೆಂಚ್ ಸೈನ್ಯದಲ್ಲಿ ಹೋರಾಡಿ ಪದಕ ಪಡೆದವನು. ಅವನ ಎದೆಯ ಮೇಲೆ ಸ್ವಸ್ತಿಕ ಕೊರೆದಿದ್ದಾರೆ. ಪದಕ ಕಾಣೆಯಾಗಿದೆ. ಹಳೆಯದೊಂದು ಫುಟ್‌ಬಾಲ್ ತಂಡದ ಫೋಟೋ ಕೂಡ ಕಾಣೆಯಾಗಿದೆ. ಮಗ ಮೊಮು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಮೊಮ್ಮಗ ಕರೀಂ ಕೆಫೆ ನಡೆಸುತ್ತಾನೆ, ಊರಿನ ರಗ್ಬಿ ತಂಡದ ಆಟಗಾರ. ಗಮನಿಸಿ: ಈ ಊರಿನಲ್ಲಿ ಅರಬನಾಗಿ ಬದುಕಬೇಕಾದರೆ ಲೆಕ್ಕ ಕಲಿಸಬೇಕು, ಇಲ್ಲವೇ ಆಟ ಗೆದ್ದುಕೊಡಬೇಕು. ಉಪಯೋಗಕ್ಕೆ ಬಂದರೆ ಮಾತ್ರ ನಮ್ಮವನು.

ಅನುಮಾನ ಮೊದಲು ಬಲಪಂಥೀಯ ತರುಣರ ಮೇಲೆ ಹೋಗುತ್ತದೆ. ಕೊನೆಗೆ ಅವರು ಕೊಂದವರಲ್ಲ ಎಂದಾಗುತ್ತದೆ. ಹಮೀದನ ನಿಜವಾದ ಹೆಸರೇ ಬೇರೆ. 1944ರಲ್ಲಿ ನಾಜಿಗಳ ಪರವಾಗಿ ಇದೇ ಪೆರಿಗೋರ್‌ನಲ್ಲಿ ತೋಟದ ಮನೆಗಳನ್ನು ಸುಟ್ಟು, ಹೆಂಗಸರ ಮೇಲೆ ಅತ್ಯಾಚಾರ ಮಾಡಿದ ಉತ್ತರ ಆಫ್ರಿಕಾದವರ ಪಡೆಯಲ್ಲಿ ಅವನಿದ್ದ. ಅವನನ್ನು ಕೊಂದವರು ಊರಿನ ಇಬ್ಬರು ಮುದುಕರು, ಆ ಕಾಲದ ಪ್ರತಿರೋಧ ಹೋರಾಟದವರು. ಇದು ಗೊತ್ತಾದ ಮೇಲೆ ಬ್ರೂನೋ ಮತ್ತು ಮೇಯರ್ ಏನು ಮಾಡುತ್ತಾರೆ? ಸುಮ್ಮನಾಗುತ್ತಾರೆ. ಕೇಸು ಅಲ್ಲಿಗೆ ಮುಗಿಯಿತು. ಊರು ಉಳಿಯಿತು.

4

ಇದಕ್ಕೆ ಚರಿತ್ರೆಯ ಆಧಾರವಿದೆ ಎನ್ನುವುದನ್ನು ಮರೆಸಿ ವಾಕರ್ ಅವರನ್ನು ಬಯ್ಯುವುದು ಅಪ್ರಾಮಾಣಿಕವಾಗುತ್ತದೆ. 1944ರಲ್ಲಿ ಅಂಥ ಪಡೆ ನಿಜವಾಗಿಯೂ ದೊರ್ದೋನ್ ಸೀಮೆಯಲ್ಲಿ ಜನರನ್ನು ಕೊಂದಿತು. ಆದರೆ ಅದನ್ನು ಕಟ್ಟಿದವರಲ್ಲಿ ಮುಖ್ಯನಾದವನು ಆಂರಿ ಲಫೋಂ, ಜರ್ಮನರಿಗೆ ಏಜೆಂಟಾಗಿದ್ದ ಪ್ಯಾರಿಸ್ಸಿನ ಗ್ಯಾಂಗಿನ ನಾಯಕ. ಅಲ್ಲಿ ಪಡೆಯನ್ನು ನಡೆಸಿದವರಲ್ಲೊಬ್ಬ ಅಲೆಕ್ಸಾಂಡ್ರ್ ವಿಲಾಪ್ಲಾನ್, 1930ರ ಮೊದಲ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಫ್ರಾನ್ಸ್ ತಂಡದ ನಾಯಕನಾಗಿದ್ದವನು. 1944ರ ಡಿಸೆಂಬರಿನಲ್ಲಿ ಇಬ್ಬರಿಗೂ ಗುಂಡಿಕ್ಕಿದರು. ಕಾದಂಬರಿಯ ಫುಟ್‌ಬಾಲ್ ಫೋಟೋದ ಹಿಂದೆ ಇರುವುದು ಈ ಮನುಷ್ಯನ ನೆರಳು.

ಅಂದರೆ ಯಜಮಾನರು ಬಿಳಿಯರು, ಕೋಲು ಹಿಡಿದ ಕೈ ಮಾತ್ರ ವಲಸೆ ಬಂದ ಬಡ ಅರಬನದು. ಇದು ನಮಗೆ ಹೊಸದಲ್ಲ. ಗೌಡ ತಾನು ಜಗಲಿಯ ಮೇಲೆ ಕೂತು, ಜೀತದಾಳಿನ ಕೈಗೆ ದೊಣ್ಣೆ ಕೊಟ್ಟು ಇನ್ನೊಂದು ಕೇರಿಗೆ ನುಗ್ಗಿಸಿದ ಕತೆಗಳು ನಮ್ಮಲ್ಲೂ ಇವೆ. ಹಾಗೆ ನುಗ್ಗಿದವನ ಪಾಪ ಪಾಪವೇ. ಕೆಳಗಿನವನು ಎಂಬ ಕಾರಣಕ್ಕೆ ಅವನನ್ನು ತೊಳೆದು ಎತ್ತಿಕೊಳ್ಳಬೇಕಿಲ್ಲ. ಆದರೆ ಅರವತ್ತು ವರ್ಷದ ಮೇಲೂ ನ್ಯಾಯದ ಹೆಸರಿನ ಚಾಕು ಹುಡುಕಿಕೊಂಡು ಬರುವುದು ಯಾರ ಎದೆಗೆ?

ಮೋರಿಸ್ ಪಾಪೋಂ ಎಂಬ ಅಧಿಕಾರಿ ಇದೇ ಕಾಲದಲ್ಲಿ, ಇಲ್ಲಿಗೆ ದೂರವೇನಲ್ಲದ ಬೋರ್ದೋದಲ್ಲಿ ಕೂತು ಯಹೂದಿಗಳನ್ನು ಸಾವಿನ ರೈಲಿಗೆ ಹತ್ತಿಸುವ ಕಾಗದಗಳಿಗೆ ಸಹಿ ಹಾಕಿದ್ದ. ಯುದ್ಧ ಮುಗಿದ ಮೇಲೆ ಅವನಿಗೆ ಬಡ್ತಿಯ ಮೇಲೆ ಬಡ್ತಿ. 1961ರ ಅಕ್ಟೋಬರ್ 17ರಂದು ಪ್ಯಾರಿಸ್ಸಿನಲ್ಲಿ ಮೆರವಣಿಗೆ ಹೊರಟ ಅಲ್ಜೀರಿಯನ್ನರನ್ನು ಪೊಲೀಸರು ಕೊಂದು ಸೇನ್ ನದಿಗೆ ಎಸೆದರಲ್ಲ, ಆಗ ಆ ನಗರದ ಪೊಲೀಸ್ ಮುಖ್ಯಸ್ಥ ಇವನೇ. ಸತ್ತವರೆಷ್ಟು ಎಂಬುದಕ್ಕೆ ಇಂದಿಗೂ ಎಲ್ಲರೂ ಒಪ್ಪುವ ಲೆಕ್ಕವಿಲ್ಲ. ಅವನಿಗೆ ಶಿಕ್ಷೆಯಾದದ್ದು 1998ರಲ್ಲಿ, ಯಹೂದಿಗಳ ವಿಷಯಕ್ಕೆ. ಅಲ್ಜೀರಿಯನ್ನರ ವಿಷಯಕ್ಕಲ್ಲ. ಇಂಥ ಪೊಲೀಸ್ ಚರಿತ್ರೆ ಇರುವ ದೇಶದಲ್ಲಿ ಬ್ರೂನೋನಂಥ ಮುದ್ದು ಪೊಲೀಸನನ್ನು ಕಟ್ಟುವುದೆಂದರೆ ಏನರ್ಥ? ಇದು ಬರೀ ಮನರಂಜನೆಯಲ್ಲ. ಒಂದು ದೊಡ್ಡ ಕಲೆಯನ್ನು ಒರೆಸುವ ಬಟ್ಟೆ.

ಯಾರಾದರೂ ಕೇಳಬಹುದು: ಸತ್ಯ ಹೊರಬಿದ್ದರೆ ಅರಬರ ಮೇಲೇ ಅಲ್ಲವೇ ಊರು ತಿರುಗಿ ಬೀಳುವುದು? ಬ್ರೂನೋ ಮುಚ್ಚಿಟ್ಟಿದ್ದು ಮೊಮು, ಕರೀಂರ ಒಳ್ಳೆಯದಕ್ಕೂ ಅಲ್ಲವೇ? ಹೌದು, ಕಾದಂಬರಿಯ ಅತಿ ಬಲವಾದ ವಾದ ಇದೇ. ಆದರೆ ಈ ವಾದವನ್ನು ನಾನು ಇಂಗ್ಲಿಷ್ ಪುಸ್ತಕದಲ್ಲಿ ಓದುವುದಕ್ಕೆ ಮುಂಚೆಯೇ ಕನ್ನಡದಲ್ಲಿ ಕೇಳಿದ್ದೆ.

5

ನಾನಾಗ ಪಿ.ಯು.ಸಿ. ಓದುತ್ತಿದ್ದೆ. ನಮ್ಮೂರ ಜಾತ್ರೆಯಲ್ಲಿ ದೊಡ್ಡಪ್ಪನ ಮಗ ತೇರಿನ ಹಗ್ಗಕ್ಕೆ ಕೈ ಹಾಕಿದ. ಬೇಕು ಅಂತ ಹಾಕಿದನೋ ನೂಕುನುಗ್ಗಲಲ್ಲಿ ತಗಲಿತೋ, ಅವನಿಗೇ ಗೊತ್ತಿಲ್ಲ. ಹೊಡೆದರು. ಎಡಗೈ ಮೂಳೆ ಮುರಿಯಿತು. ದೊಡ್ಡಪ್ಪ ದೂರು ಬರೆಸಿಕೊಂಡು ಸ್ಟೇಷನ್ನಿಗೆ ಹೋದರು, ಜೊತೆಗೆ ನಾನೂ ಹೋದೆ.

ಅಲ್ಲಿನ ಎಸ್.ಐ. ಕೆಟ್ಟ ಮನುಷ್ಯನಲ್ಲ. ನಮ್ಮ ಹುಡುಗರಿಗೆ ವಾಲಿಬಾಲ್ ನೆಟ್ ಕೊಡಿಸಿದವರು, ಸಂಜೆ ಬಂದು ಅವರ ಜೊತೆ ಆಡುತ್ತಿದ್ದವರು. ದೊಡ್ಡಪ್ಪನನ್ನು ಕುರ್ಚಿಯಲ್ಲಿ ಕೂರಿಸಿದರು. ಟೀ ತರಿಸಿದರು, ಎಲ್ಲರಿಗೂ ಒಂದೇ ಥರದ ಲೋಟದಲ್ಲಿ. "ಯಜಮಾನ್ರೆ, ಊರು ಅಂದ್ರೆ ಒಂದು ಮನೆ ಇದ್ದಂಗೆ. ಕೇಸ್ ಹಾಕೋದು ಒಂದು ನಿಮಿಷದ ಕೆಲ್ಸ. ಆಮೇಲೆ ನಾಳೆ ಅಲ್ಲಿ ಬದುಕಬೇಕಾದೋರು ನೀವು. ಕೂಲಿಗೆ ಯಾರು ಕರೀತಾರೆ? ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ" ಅಂದರು. ಒಂದು ಗಂಟೆಯಲ್ಲಿ ರಾಜಿ ಪತ್ರ ತಯಾರಾಯಿತು. ಆಸ್ಪತ್ರೆ ಖರ್ಚು ಅವರು ಕೊಡುವುದು, ದೂರು ಇವರು ವಾಪಸ್ ತೆಗೆದುಕೊಳ್ಳುವುದು. ದೊಡ್ಡಪ್ಪ ಹೆಬ್ಬೆಟ್ಟು ಒತ್ತಿದರು.

ವಾಪಸ್ ಬರುವಾಗ ನಾನು ಸಿಟ್ಟಿನಿಂದ ಏನೇನೋ ಮಾತಾಡಿದೆ. ದೊಡ್ಡಪ್ಪ ತುಂಬ ಹೊತ್ತು ಸುಮ್ಮನಿದ್ದು ಅಂದದ್ದು: "ಅವ್ನು ಕೆಟ್ಟೋನಾಗಿದ್ರೆ ಜಗಳ ಆಡ್ಬೋದಾಗಿತ್ತು ಕಣಪ್ಪ. ಒಳ್ಳೇನು. ಏನ್ ಮಾಡ್ಲಿ?"

ಬ್ರೂನೋ ಕಾದಂಬರಿಗಳ ಬಗ್ಗೆ ಇದಕ್ಕಿಂತ ದೊಡ್ಡ ವಿಮರ್ಶೆಯನ್ನು ನಾನು ಬರೆಯಲಾರೆ.

6

ಲಾಠಿ ಹಿಡಿದ ಪೊಲೀಸನ ಕ್ರೌರ್ಯವನ್ನು ನಮ್ಮ ಬಂಡಾಯ ಸಾಹಿತ್ಯ ಸಾಕಷ್ಟು ಬರೆದಿದೆ. ಒಳ್ಳೆಯವನ ಸೌಜನ್ಯ ಹೇಗೆ ದೂರನ್ನು ನುಂಗುತ್ತದೆ ಎಂಬುದನ್ನು ಅಷ್ಟಾಗಿ ಬರೆದಿಲ್ಲ. ನಮ್ಮ ಕಾನೂನಿಗೆ ಮಾತ್ರ ಇದು ಗೊತ್ತಿತ್ತು. 1989ರ ದೌರ್ಜನ್ಯ ತಡೆ ಕಾಯ್ದೆ ಕರ್ತವ್ಯ ಮಾಡದ ಅಧಿಕಾರಿಯನ್ನೇ ಅಪರಾಧಿ ಎಂದಿತು. 1995ರ ನಿಯಮಗಳು ಇಂಥ ಪ್ರಕರಣಗಳ ತನಿಖೆಯನ್ನು ಡಿ.ವೈ.ಎಸ್.ಪಿ. ದರ್ಜೆಗಿಂತ ಕೆಳಗಿನವರು ಮಾಡಕೂಡದು ಎಂದವು. ಯಾಕೆ? ಊರಿಗೆ ತೀರಾ ಹತ್ತಿರದವನ ಕೈಯಲ್ಲಿ ಕೇರಿಯ ದೂರು ಉಳಿಯುವುದಿಲ್ಲ ಎಂಬ ಅನುಭವದಿಂದ. ಕಾಯ್ದೆಯನ್ನು ಸಡಿಲಗೊಳಿಸಿದ ಸುಪ್ರೀಂ ಕೋರ್ಟಿನ ತೀರ್ಪಿನ ವಿರುದ್ಧ 2018ರಲ್ಲಿ ದೇಶದ ದಲಿತರು ಬೀದಿಗಿಳಿದದ್ದು, ಅದೇ ವರ್ಷ ಸಂಸತ್ತು 18ಎ ಕಲಂ ಸೇರಿಸಿ ಎಫ್.ಐ.ಆರ್.ಗೆ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದದ್ದು, ಇದೆಲ್ಲದರ ಹಿಂದೆ ನನ್ನ ದೊಡ್ಡಪ್ಪನಂಥ ಎಷ್ಟೋ ಜನರ ಹೆಬ್ಬೆಟ್ಟುಗಳಿವೆ.

ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ಆರಾಧನೆಯನ್ನು ಕಟುವಾಗಿ ತಳ್ಳಿಹಾಕಿದರು. ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ತನ್ನ ಘಟಕವಾಗಿ ತೆಗೆದುಕೊಂಡಿದ್ದಕ್ಕೆ ಸಂತೋಷಪಟ್ಟರು. ಬ್ರೂನೋನ ಘಟಕ ಊರು. ಊರು ಚೆನ್ನಾಗಿದ್ದರೆ ಎಲ್ಲರೂ ಚೆನ್ನಾಗಿರುತ್ತಾರೆ ಎಂದು ಅವನು ನಂಬುತ್ತಾನೆ. ಕಂಬಾಲಪಲ್ಲಿಯ ಊರೂ ಚೆನ್ನಾಗಿಯೇ ಉಳಿಯಿತು. 2000ದ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಪ್ರತಿಕೂಲವಾಗಿ ನುಡಿದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ಹೇಳಬೇಕಾದವನೂ ಅದೇ ಊರಿನಲ್ಲಿ ಬದುಕಬೇಕಲ್ಲ.

7

ಒಂದು ಕಡೆ ಮಾತ್ರ ಈ ಸರಣಿ ನನ್ನನ್ನು ತಡೆದು ನಿಲ್ಲಿಸುತ್ತದೆ. ಬ್ರೂನೋ ಅನಾಥ. ಚರ್ಚಿನ ಬಾಗಿಲಲ್ಲಿ ಬಿಟ್ಟುಹೋದ ಕೂಸು. ಕುಲ ಗೊತ್ತಿಲ್ಲ, ಗೋತ್ರ ಗೊತ್ತಿಲ್ಲ. ಸೇಂಟ್ ಡೆನಿ ಅದನ್ನು ಕೇಳುವುದಿಲ್ಲ, ಅವನನ್ನು ಮಗನಂತೆ ಸಾಕಿಕೊಳ್ಳುತ್ತದೆ. ಆ ಪುಟಗಳನ್ನು ಓದುವಾಗ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಲ್ಲಾದರೆ ಮೊದಲ ಪ್ರಶ್ನೆಯೇ 'ಯಾವ ಪೈಕಿ?' ಆದರೆ ಹುಟ್ಟು ಗೊತ್ತಿಲ್ಲದವನಿಗೆ ಮಡಿಲು ಕೊಟ್ಟ ಊರು ತೀರ್ಮಾನದ ಹೊತ್ತಿನಲ್ಲಿ ಮೊಮುವಿಗೆ ಕುರ್ಚಿ ಕೊಡಲಿಲ್ಲ. ಸತ್ತವನು ಅವನ ಅಪ್ಪ. ಮುಚ್ಚುವುದೋ ಬಿಚ್ಚುವುದೋ ಎಂದು ಅವನನ್ನು ಕೇಳಿ ನಿರ್ಧರಿಸಲಿಲ್ಲ. ಅವನ ಒಳ್ಳೆಯದನ್ನು ಅವನ ಬದಲಿಗೆ ಬೇರೆಯವರೇ ಯೋಚಿಸಿದರು.

ಹಾಗಾಗಿ ಈ ಕಾದಂಬರಿಗಳನ್ನು ಓದಬೇಡಿ ಎಂದು ನಾನು ಹೇಳುವುದಿಲ್ಲ. ಓದಿ, ಖುಷಿಪಡಿ. ಊರಿನ ಮಗನಂತಿರುವ ಪೊಲೀಸನನ್ನು ಮೆಚ್ಚಿಕೊಳ್ಳುವ ಹೊತ್ತಿಗೆ, ಸ್ಟೇಷನ್ನಿನ ಬೆಂಚಿನ ಮೇಲೆ ದೂರು ಹಿಡಿದು ಕೂತವನು ಯಾರು ಎಂದು ಒಮ್ಮೆ ತಿರುಗಿ ನೋಡಿ. ಅವನಿಗೆ ಟೀ ಬೇಕಿಲ್ಲ. ದೂರು ಬರೆದುಕೊಂಡದ್ದಕ್ಕೆ ಒಂದು ರಸೀತಿ ಬೇಕು.